ಎಳೆದುಕೊಂಡು ಹೋಗುವ ಮನೆ: ಅಮೆರಿಕದಲ್ಲಿ ಟ್ರೇಲರ್ ಕೊಳ್ಳುವ ಕನ್ನಡಿಗರಿಗೆ

ಪ್ರತಿ ವರ್ಷ ಯುಗಾದಿ ಊಟಕ್ಕೆ ಎಲ್ಲರೂ ಸೇರಿದಾಗ ಯಾರಾದರೂ ಒಬ್ಬರು ನನ್ನ ಪಕ್ಕ ಬಂದು ಕೂರುತ್ತಾರೆ. "ನಾವೂ ಒಂದು ಟ್ರೇಲರ್ ತಗೋಬೇಕು ಅಂತಿದೀವಿ. ಏನೇನು ನೋಡಬೇಕು ಹೇಳಿ" ಅನ್ನುತ್ತಾರೆ. ಒಬ್ಬಟ್ಟು ತಿಂದು ಮುಗಿಸುವಷ್ಟರಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಇದು. ನಾವು ಡೆನ್ವರ್ ಹತ್ತಿರ ಇರುವವರು. ಏಳು ವರ್ಷದಿಂದ 25 ಅಡಿಯ ಟ್ರಾವೆಲ್ ಟ್ರೇಲರ್ ಇಟ್ಟುಕೊಂಡಿದ್ದೇವೆ. ಯೆಲ್ಲೋಸ್ಟೋನ್, ಗ್ಲೇಸಿಯರ್, ಆರಿಜೋನಾದ ಮರುಭೂಮಿ ಎಲ್ಲ ಸುತ್ತಿದ್ದೇವೆ. ಕಲಿತದ್ದನ್ನು ಇಲ್ಲಿ ಬರೆದಿಡುತ್ತೇನೆ.

ಟ್ರಾವೆಲ್ ಟ್ರೇಲರ್ ಅಂದರೆ ಎಂಜಿನ್ ಇಲ್ಲದ ಸಣ್ಣ ಮನೆ. ಮಂಚ, ಒಲೆ, ಫ್ರಿಜ್, ಬಚ್ಚಲು ಎಲ್ಲ ಇರುತ್ತದೆ. ಪಿಕಪ್ ಟ್ರಕ್ ಅಥವಾ ದೊಡ್ಡ ಎಸ್‌ಯುವಿ ಹಿಂದೆ ಕಟ್ಟಿ ಎಳೆದುಕೊಂಡು ಹೋಗಬೇಕು. ಇದನ್ನು ಕೆಡಿಸುವುದು ಮುಖ್ಯವಾಗಿ ಎರಡು: ತೂಕ ಮತ್ತು ನೀರು. ರಸ್ತೆಯಲ್ಲಿ ಅಪಾಯ ಬರುವುದು ತೂಕದಿಂದ. ನಿಲ್ಲಿಸಿದ ಜಾಗದಲ್ಲೇ ಮನೆ ಕೊಳೆಯುವುದು ನೀರಿನಿಂದ. ಮುಂದೆ ಬರೆದಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಇವೆರಡರ ಬಗ್ಗೆಯೇ.

ಮೊದಲು ಟ್ರಕ್ಕಿನ ಬಾಗಿಲು ತೆಗೆಯಿರಿ

ಟ್ರೇಲರ್ ನೋಡಲು ಹೋಗುವ ಮುಂಚೆ ನಿಮ್ಮ ಟ್ರಕ್ಕಿನ ಡ್ರೈವರ್ ಬಾಗಿಲು ತೆಗೆದು ನಿಲ್ಲಿ. ಚೌಕಟ್ಟಿನ ಮೇಲೆ ಒಂದು ಹಳದಿ-ಬಿಳಿ ಚೀಟಿ ಅಂಟಿಸಿರುತ್ತಾರೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಅದೇ ಪೇಲೋಡ್. ಜಾಹೀರಾತಿನಲ್ಲಿ ಬರುವ "9,000 ಪೌಂಡ್ ಎಳೆಯುತ್ತದೆ" ಎನ್ನುವ ಸಂಖ್ಯೆಗಿಂತ ಈ ಚೀಟಿಯ ಸಂಖ್ಯೆ ಮುಖ್ಯ. ಸಾಮಾನ್ಯವಾಗಿ ಮೊದಲು ಮುಗಿದುಹೋಗುವುದು ಇದೇ.

ಯಾಕೆ ಅಂತ ಹೇಳುತ್ತೇನೆ. ಟ್ರೇಲರ್‌ನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಅದರ ಮುಂದಿನ ಮೂತಿಯ ಮೂಲಕ ಟ್ರಕ್ಕಿನ ಮೇಲೆ ಕೂರುತ್ತದೆ. ಇದಕ್ಕೆ ಟಂಗ್ ವೇಟ್ ಎನ್ನುತ್ತಾರೆ. ನನ್ನ ಅಪ್ಪ ಅರಸೀಕೆರೆ ಕಡೆಯ ರೈತರು. ಮೊದಲ ಸಲ ಇಲ್ಲಿಗೆ ಬಂದಾಗ ಟ್ರೇಲರ್ ಸುತ್ತ ಒಂದು ಸುತ್ತು ಹಾಕಿ, "ಮೂಕಿ ಮೇಲೆ ಎಷ್ಟು ಭಾರ ಬೀಳುತ್ತೆ?" ಎಂದು ಕೇಳಿದರು. ನಾನು ತಿಂಗಳುಗಟ್ಟಲೆ ಓದಿ ತಿಳಿದದ್ದು ಅವರಿಗೆ ಎತ್ತಿನ ಗಾಡಿಯಿಂದಲೇ ಗೊತ್ತಿತ್ತು. ಗಾಡಿ ಹಿಂಭಾರ ಆದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂಭಾರ ಜಾಸ್ತಿ ಆದರೆ ನೊಗ ಹೆಗಲನ್ನು ಒತ್ತುತ್ತದೆ. ಟ್ರೇಲರ್ ಕೂಡ ಹಾಗೇ. ಹಿಂಭಾರ ಆದರೆ 60 ಮೈಲಿ ವೇಗದಲ್ಲಿ ಹಾವಿನ ಬಾಲದಂತೆ ಆಡಲು ಶುರು ಮಾಡುತ್ತದೆ. ಮುಂಭಾರ ಜಾಸ್ತಿ ಆದರೆ ಟ್ರಕ್ಕಿನ ಹಿಂಭಾಗ ಕುಸಿದು, ಮುಂದಿನ ಚಕ್ರಗಳಿಗೆ ರಸ್ತೆಯ ಹಿಡಿತ ಕಡಿಮೆಯಾಗುತ್ತದೆ.

ಲೆಕ್ಕ ಮಾಡಿ ನೋಡೋಣ. ಟ್ರಕ್ಕಿನ ಪೇಲೋಡ್ 1,500 ಪೌಂಡ್ ಅಂತಿಟ್ಟುಕೊಳ್ಳಿ. ನಾಲ್ಕು ಜನ ದೊಡ್ಡವರು, 600 ಪೌಂಡ್. ಸಾಮಾನು ತುಂಬಿದ ಟ್ರೇಲರ್ 6,000 ಪೌಂಡ್ ಇದ್ದರೆ ಶೇಕಡಾ 13ರ ಲೆಕ್ಕದಲ್ಲಿ ಟಂಗ್ ವೇಟ್ 780. ಭಾರ ಹಂಚುವ ಹಿಚ್ (ಮೂತಿಯ ಭಾರವನ್ನು ಉಕ್ಕಿನ ಸರಳುಗಳ ಮೂಲಕ ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಕೊಂಡಿ) ತಾನೇ ಸುಮಾರು 80 ಪೌಂಡ್. ಒಟ್ಟು 1,460. ಉಳಿದದ್ದು 40 ಪೌಂಡ್. ಐಸ್ ಬಾಕ್ಸ್ ಒಂದನ್ನು ತುಂಬಿ ಹಿಂದೆ ಇಟ್ಟರೆ ಅದೂ ಖಾಲಿ. ಎಳೆಯುವ ಶಕ್ತಿಯಲ್ಲಿ ಇನ್ನೂ 3,000 ಪೌಂಡ್ ಮಿಕ್ಕಿರುತ್ತದೆ, ಹೊರುವ ಶಕ್ತಿ ಮಾತ್ರ ಮುಗಿದಿರುತ್ತದೆ.

ಇನ್ನೊಂದು ಮಾತು. ಅಂಗಡಿಯವರು ಹೇಳುವ ತೂಕ ಡ್ರೈ ವೇಟ್, ಅಂದರೆ ಖಾಲಿ ಟ್ರೇಲರ್‌ದು. ಖಾಲಿ ಟ್ರೇಲರ್ ಎಳೆದುಕೊಂಡು ಯಾರೂ ಪ್ರವಾಸ ಹೋಗುವುದಿಲ್ಲ ಅಲ್ವಾ? ನೀವು ನೋಡಬೇಕಾದ್ದು ಜಿ.ವಿ.ಡಬ್ಲ್ಯು.ಆರ್., ಅಂದರೆ ಎಲ್ಲ ತುಂಬಿದ ಮೇಲೆ ಇರಬಹುದಾದ ಗರಿಷ್ಠ ತೂಕ. ನಮ್ಮದರಲ್ಲಿ ಡ್ರೈ ವೇಟ್ 4,800, ಗರಿಷ್ಠ 6,500. ಒಂದು ಗ್ಯಾಲನ್ ನೀರು 8.3 ಪೌಂಡ್. 40 ಗ್ಯಾಲನ್ ಟ್ಯಾಂಕ್ ತುಂಬಿದರೆ ನೀರೇ 330 ಪೌಂಡ್ ದಾಟುತ್ತದೆ. ಲೆಕ್ಕ ಮಾಡುವಾಗ ಯಾವಾಗಲೂ ಗರಿಷ್ಠ ತೂಕವನ್ನೇ ಹಿಡಿಯಿರಿ.

ಕೊಂಡ ಮೇಲೆ ಒಂದು ಸಲ ತೂಗಿಸಿ. ಹೆದ್ದಾರಿ ಬದಿಯ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎನ್ನುವ, ವಾಹನ ತೂಗುವ ಕಟ್ಟೆ ಇರುತ್ತದೆ. ಪ್ರವಾಸಕ್ಕೆ ಹೊರಟ ಹಾಗೇ, ಮನೆಯವರೆಲ್ಲ ಕೂತು, ನೀರು ತುಂಬಿ, ಸಾಮಾನು ಹೇರಿ ಹೋಗಿ. ಮೊದಲು ಭಾರ ಹಂಚುವ ಸರಳುಗಳನ್ನು ಸಡಿಲಿಸಿ ಟ್ರೇಲರ್ ಸಮೇತ ತೂಗಿಸಿ. ಆಮೇಲೆ ಟ್ರೇಲರ್ ಬಿಚ್ಚಿ ಟ್ರಕ್ ಒಂದನ್ನೇ ತೂಗಿಸಿ. ಎರಡೂ ಸಲ ಟ್ರಕ್ಕಿನ ಅಚ್ಚುಗಳ ಮೇಲೆ ಬಿದ್ದ ಭಾರದ ವ್ಯತ್ಯಾಸವೇ ಟಂಗ್ ವೇಟ್. ಕಡಿಮೆ ಬಂದರೆ ಹಿಂದಿನ ಸಾಮಾನನ್ನು ಮುಂದಕ್ಕೆ ಸರಿಸಿ. ಹಿಂದಿನ ಬಂಪರ್ ಮೇಲೆ ಸೈಕಲ್ ಸ್ಟ್ಯಾಂಡ್ ಹಾಕುವ ಆಸೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಅಷ್ಟು ಹಿಂದೆ ಇಟ್ಟ ಭಾರ ಮೂಕಿಯನ್ನು ಎತ್ತುತ್ತದೆ.

ನೋಡಿ, ಮುಟ್ಟಿ, ಮೂಸಿ

ಅಮೆರಿಕದ ಬಹುಪಾಲು ಟ್ರೇಲರ್‌ಗಳು ತಯಾರಾಗುವುದು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ. ಕಂಪನಿ ಬೇರೆ ಬೇರೆ ಇದ್ದರೂ ಒಳಗಿನ ಒಲೆ, ಫ್ರಿಜ್, ಅಚ್ಚು, ಬಾಯ್ಲರ್ ಎಲ್ಲ ಅದೇ ನಾಲ್ಕೈದು ತಯಾರಕರದ್ದು. ಹಾಗಾಗಿ ಹೆಸರಿಗಿಂತ ಆ ಒಂದು ಟ್ರೇಲರ್‌ನ ಸ್ಥಿತಿ ನೋಡಿ. ನಾನಾದರೆ ಮೂರ್ನಾಲ್ಕು ವರ್ಷ ಹಳೆಯದನ್ನೇ ಕೊಳ್ಳಿ ಎನ್ನುತ್ತೇನೆ. ಹೊಸದರಲ್ಲಿ ಮೊದಲ ವರ್ಷ ಬರುವ ಸಣ್ಣಪುಟ್ಟ ತೊಂದರೆಗಳನ್ನು ಹಿಂದಿನವರು ಸರಿಮಾಡಿಸಿರುತ್ತಾರೆ.

ಒಳಗೆ ಹೋದ ಕೂಡಲೇ ಬಾಗಿಲು ಹಾಕಿಕೊಂಡು ಮೂಸಿ. ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಬಟ್ಟೆಯ ಮುಗ್ಗಲು ವಾಸನೆ ಗೊತ್ತಲ್ಲ, ಅದು ಬಂದರೆ ವಾಪಸ್ ಬನ್ನಿ. ಎಲ್ಲೋ ನೀರು ಇಳಿದಿದೆ. ಮೇಲಿನ ನಾಲ್ಕು ಮೂಲೆ, ಕಿಟಕಿಗಳ ಕೆಳಗೆ, ಮಂಚದ ತಲೆ ಕಡೆ ಬೆರಳಿನಿಂದ ಒತ್ತಿ ನೋಡಿ. ಗೋಡೆ ಗಟ್ಟಿ ಇರಬೇಕು. ಬಚ್ಚಲಿನ ನೆಲ ಕಾಲಡಿಯಲ್ಲಿ ಬಗ್ಗಬಾರದು. ಹೊರಗೆ ಫೈಬರ್ ಗೋಡೆಯನ್ನು ಪಕ್ಕದಿಂದ ಬೆಳಕಿಗೆ ಹಿಡಿದ ಹಾಗೆ ನೋಡಿ. ಹಪ್ಪಳದ ಹಾಗೆ ಉಬ್ಬಿದ್ದರೆ ಒಳಗಿನ ಮರ ನೆಂದು ಹಾಳೆ ಬಿಟ್ಟುಕೊಂಡಿದೆ ಎಂದು ಅರ್ಥ. ಅದಕ್ಕೆ ಅಗ್ಗದ ರಿಪೇರಿ ಇಲ್ಲ. ಏಣಿ ತಗೊಂಡು ಹೋಗಿ, ಮೇಲೆ ಹತ್ತಿ ಚಾವಣಿಯನ್ನೂ ನೋಡಿ.

ನೀರು, ಕರೆಂಟು, ಗ್ಯಾಸ್ ಮೂರನ್ನೂ ಜೋಡಿಸಿ ತೋರಿಸಲು ಕೇಳಿ. ಗ್ಯಾಸ್ ಮೇಲೆ ನಡೆಯುವ ಫ್ರಿಜ್ ತಣ್ಣಗಾಗಲು 6ರಿಂದ 8 ಗಂಟೆ ಬೇಕು, ಆದ್ದರಿಂದ ಬೆಳಿಗ್ಗೆಯೇ ಹಚ್ಚಿಡಲು ಹೇಳಿ. ತೋರಿಸಲು ಹಿಂದೆಮುಂದೆ ನೋಡುವವರ ಹತ್ತಿರ ಕೊಳ್ಳಬೇಡಿ.

ಉದ್ದದ ಬಗ್ಗೆ ಒಂದು ಎಚ್ಚರಿಕೆ. ಮಾಡೆಲ್ ಹೆಸರಿನಲ್ಲಿ 24 ಎಂದಿದ್ದರೂ ಮೂಕಿಯಿಂದ ಬಂಪರ್‌ವರೆಗೆ ಅಳೆದರೆ 28 ಅಡಿ ಇರಬಹುದು. ರಾಷ್ಟ್ರೀಯ ಉದ್ಯಾನಗಳ ಹಳೆಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಉದ್ದ ಜಾಸ್ತಿ ಇದ್ದರೆ ಜಾಗ ಸಿಗುವುದೇ ಕಷ್ಟ. ಮನೆ ಮುಂದೆ ನಿಲ್ಲಿಸಬಹುದೇ ಅಂತಲೂ ಮೊದಲೇ ವಿಚಾರಿಸಿ. ನಮ್ಮ ಬಡಾವಣೆಯ ಸಂಘ ಬಿಡುವುದಿಲ್ಲ. ತಿಂಗಳ ಬಾಡಿಗೆ ಕೊಟ್ಟು ಬೇರೆ ಕಡೆ ನಿಲ್ಲಿಸುತ್ತೇವೆ.

ಟೈರು

ನಮ್ಮ ಎರಡನೇ ವರ್ಷ. ವಯೋಮಿಂಗ್‌ನ ಹೆದ್ದಾರಿ, ಜುಲೈ ತಿಂಗಳ ಮಧ್ಯಾಹ್ನ. ಬಲಗಡೆ ಟೈರು ಸಿಡಿಯಿತು. ಸೀಳಿದ ರಬ್ಬರು ಚಕ್ರದ ಮೇಲಿನ ತಗಡನ್ನು ಕಿತ್ತು, ಕೆಳಗಿನ ಗ್ಯಾಸ್ ಪೈಪಿಗೆ ನಾಲ್ಕು ಬೆರಳು ದೂರದವರೆಗೆ ಬಡಿದಿತ್ತು. ಅಮ್ಮ ಅಪ್ಪ ಹಿಂದಿನ ಸೀಟಿನಲ್ಲಿದ್ದರು. ಆ ಟೈರಿನ ಮೇಲಿನ ಗೆರೆಗಳು ಸವೆಯದೆ ಹೊಸದರಂತೆಯೇ ಇದ್ದವು. ನಮಗೆ ಮಾರಿದವರು "ಟೈರೆಲ್ಲ ಚೆನ್ನಾಗಿದೆ" ಅಂದಿದ್ದರು, ನಾನೂ ನಂಬಿದ್ದೆ. ಆಮೇಲೆ ನೋಡಿದರೆ ಅದಕ್ಕೆ ಏಳು ವರ್ಷ ವಯಸ್ಸು.

ಟ್ರೇಲರ್ ಟೈರು ಸವೆದು ಹಾಳಾಗುವುದಕ್ಕಿಂತ ವಯಸ್ಸಾಗಿ ಹಾಳಾಗುವುದೇ ಜಾಸ್ತಿ. ಟೈರಿನ ಪಕ್ಕದಲ್ಲಿ ಡಿ.ಒ.ಟಿ. ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕೆ ಓದಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಐದು, ಹೆಚ್ಚೆಂದರೆ ಆರು ವರ್ಷಕ್ಕೆ ಬದಲಾಯಿಸಿ, ನೋಡಲು ಎಷ್ಟೇ ಚೆನ್ನಾಗಿದ್ದರೂ. ಗಾಳಿಯನ್ನು ಬೆಳಿಗ್ಗೆ ಹೊರಡುವ ಮುಂಚೆ, ಟೈರು ತಣ್ಣಗಿದ್ದಾಗ ನೋಡಿ. ಗಾಳಿ ಕಡಿಮೆ ಇದ್ದರೆ ಟೈರು ಬಿಸಿಯಾಗುತ್ತದೆ, ಬಿಸಿಯೇ ಅದನ್ನು ಸಿಡಿಸುವುದು. ಚಕ್ರಗಳಲ್ಲಿ ಒತ್ತಡ ತೋರಿಸುವ ಸಣ್ಣ ಸೆನ್ಸರ್ ಹಾಕಿಸಿ. ಟ್ರೇಲರ್‌ಗೆ ಕೊಳ್ಳುವ ಮೊದಲ ಹೆಚ್ಚುವರಿ ಸಾಮಾನು ಅದೇ ಆಗಿರಲಿ.

ಚಕ್ರ ಬಿಚ್ಚಿ ಹಾಕಿದ ಮೇಲೆ 10, 25, 50 ಮೈಲಿ ಓಡಿಸಿ ಪ್ರತಿ ಸಲವೂ ನಟ್ಟುಗಳನ್ನು ಟಾರ್ಕ್ ವ್ರೆಂಚ್‌ನಿಂದ ಮತ್ತೆ ಬಿಗಿಯಬೇಕು. ಎಷ್ಟು ಬಿಗಿ ಎಂಬುದು ನಿಮ್ಮ ಅಚ್ಚಿನ ಪುಸ್ತಕದಲ್ಲಿದೆ.

ಇನ್ನು ಬೇರಿಂಗ್. ಗಾಡಿಗೆ ಕೀಲೆಣ್ಣೆ ಹಾಕದೆ ಸಂತೆಗೆ ಹೊರಡುತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಾರೆ. ಇಲ್ಲಿ ಕೀಲೆಣ್ಣೆಯ ಜಾಗದಲ್ಲಿ ಗ್ರೀಸು. 12 ತಿಂಗಳು ಅಥವಾ 12,000 ಮೈಲಿ, ಯಾವುದು ಮೊದಲೋ ಆಗ ಬೇರಿಂಗ್ ತೆಗೆದು ತೊಳೆದು ಹೊಸ ಗ್ರೀಸು ತುಂಬಿಸಿ. ಅದೇ ಸಮಯಕ್ಕೆ ಬ್ರೇಕನ್ನೂ ನೋಡಿಸಿ. ದಾರಿಯಲ್ಲಿ ಪೆಟ್ರೋಲಿಗೆ ನಿಂತಾಗಲೆಲ್ಲ ನಾಲ್ಕೂ ಚಕ್ರದ ನಡುಭಾಗದ ಬಿಸಿ ನೋಡಿ. ಒಂದು ಮಾತ್ರ ಉಳಿದ ಮೂರಕ್ಕಿಂತ ತುಂಬಾ ಬಿಸಿ ಇದ್ದರೆ ಮುಂದೆ ಹೋಗಬೇಡಿ.

ಕಟ್ಟುವ ಕ್ರಮ

ಇದನ್ನು ಯಾವಾಗಲೂ ಒಂದೇ ಕ್ರಮದಲ್ಲಿ ಮಾಡಿ. ನಡುವೆ ಯಾರಾದರೂ ಮಾತಾಡಿಸಿದರೆ ಮೊದಲಿನಿಂದ ಶುರು ಮಾಡಿ.

1. ಚಕ್ರಗಳಿಗೆ ಅಡ್ಡಗಟ್ಟೆ ಇರಲಿ. ಟ್ರಕ್ಕನ್ನು ಹಿಂದೆ ತಂದು ಮೂತಿಯನ್ನು ಹಿಚ್ ಬಾಲ್ ಮೇಲೆ ಇಳಿಸಿ. ಲ್ಯಾಚ್ ಹಾಕಿ, ಅದಕ್ಕೆ ಪಿನ್ನು ಹಾಕಿ. ಗಾಡಿಗೆ ಕಡಾಣಿ ಇದ್ದ ಹಾಗೆ ಇದು. ಸಣ್ಣದು, ಆದರೆ ಇದಿಲ್ಲದೆ ಹೊರಡುವ ಹಾಗಿಲ್ಲ.

2. ಈಗ ಮುಂದಿನ ಜ್ಯಾಕನ್ನು ಸ್ವಲ್ಪ ಏರಿಸಿ. ಟ್ರಕ್ಕಿನ ಹಿಂಭಾಗವೂ ಜೊತೆಗೆ ಏಳಬೇಕು. ಮೂತಿ ಮಾತ್ರ ಎದ್ದು ಬಂದರೆ ಲ್ಯಾಚ್ ಕೂತಿಲ್ಲ.

3. ಎರಡು ಸರಪಳಿಯನ್ನು ಮೂತಿಯ ಕೆಳಗೆ ಕತ್ತರಿಯ ಹಾಗೆ ಒಂದಕ್ಕೊಂದು ಅಡ್ಡ ಹಾಕಿ. ಅಕಸ್ಮಾತ್ ಮೂತಿ ಕಳಚಿದರೆ ಅದು ರಸ್ತೆಗೆ ಬೀಳದೆ ಸರಪಳಿಯ ತೊಟ್ಟಿಲಿನಲ್ಲಿ ಕೂರುತ್ತದೆ. ಬ್ರೇಕ್‌ಅವೇ ತಂತಿಯನ್ನು ಟ್ರಕ್ಕಿಗೇ ಸಿಕ್ಕಿಸಿ, ಸರಪಳಿಗೆ ಬೇಡ. ಟ್ರೇಲರ್ ಕಳಚಿಕೊಂಡರೆ ಈ ತಂತಿ ಎಳೆದು ಅದರ ಬ್ರೇಕು ತಾನಾಗಿ ಹಿಡಿಯುತ್ತದೆ.

4. ಏಳು ಪಿನ್ನಿನ ವೈರು ಸಿಕ್ಕಿಸಿ ದೀಪಗಳನ್ನು ನೋಡಿ. ಭಾರ ಹಂಚುವ ಸರಳುಗಳನ್ನು ಏರಿಸಿ.

5. ಗ್ಯಾಸ್ ಆಫ್, ಚಾವಣಿಯ ಗಾಳಿಕಿಂಡಿ ಮುಚ್ಚಿದೆ, ಆಂಟೆನಾ ಕೆಳಗಿದೆ, ಮೆಟ್ಟಿಲು ಒಳಗಿದೆ, ಆಧಾರದ ಕಾಲುಗಳು ಮೇಲಿವೆ, ಅಡ್ಡಗಟ್ಟೆ ತೆಗೆದಿದೆ. ಇಬ್ಬರು ಬೇರೆ ಬೇರೆಯಾಗಿ ಒಂದೊಂದು ಸುತ್ತು ಹಾಕಿ ನೋಡಿ.

6. ಹತ್ತು ಅಡಿ ಮುಂದೆ ಹೋಗಿ, ಟ್ರಕ್ಕಿನೊಳಗಿಂದಲೇ ಟ್ರೇಲರ್ ಬ್ರೇಕು ಹಿಡಿಸುವ ಬ್ರೇಕ್ ಕಂಟ್ರೋಲರ್‌ನ ಕೈ ಗುಂಡಿ ಒತ್ತಿ. ಟ್ರೇಲರ್ ಹಿಂದಿನಿಂದ ಹಿಡಿದೆಳೆದ ಹಾಗೆ ಅನಿಸಬೇಕು.

ಹೆದ್ದಾರಿಯಲ್ಲಿ 60-65 ಮೈಲಿ ಸಾಕು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ 55 ಮೈಲಿಯೇ ಮಿತಿ. ಟ್ರೇಲರ್ ಅತ್ತಿತ್ತ ಆಡಲು ಶುರುವಾದರೆ ಟ್ರಕ್ಕಿನ ಬ್ರೇಕು ತುಳಿಯಬೇಡಿ. ಸ್ಟೀರಿಂಗ್ ನೆಟ್ಟಗೆ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಟ್ರೇಲರ್ ಬ್ರೇಕನ್ನು ಮಾತ್ರ ಕೈಯಿಂದ ಒತ್ತಿ. ಅದು ಹಿಂದಕ್ಕೆ ಎಳೆದು ನೇರವಾಗುತ್ತದೆ. ಇಳಿಜಾರಿನಲ್ಲಿ ಗೇರು ಇಳಿಸಿ. ನಮ್ಮ ಕಡೆ ಐ-70ರಲ್ಲಿ 11,000 ಅಡಿ ಎತ್ತರದ ಐಸೆನ್‌ಹೋವರ್ ಸುರಂಗ ದಾಟಿ ಡೆನ್ವರ್ ಕಡೆ ಇಳಿಯುವಾಗ ಬ್ರೇಕು ಒಂದನ್ನೇ ನಂಬಿದರೆ ಅರ್ಧ ದಾರಿಯಲ್ಲೇ ಸುಟ್ಟ ವಾಸನೆ ಬರುತ್ತದೆ.

ದಾರಿಯನ್ನು ಫೋನಿನ ಮ್ಯಾಪ್ ಒಂದನ್ನೇ ನಂಬಿ ಹಿಡಿಯಬೇಡಿ. ನ್ಯೂಯಾರ್ಕಿನ ಪಾರ್ಕ್‌ವೇಗಳಲ್ಲಿ ಟ್ರೇಲರ್ ಬಿಡುವುದಿಲ್ಲ, ಸೇತುವೆಗಳೂ ತಗ್ಗು. ಬಾಲ್ಟಿಮೋರ್‌ನ ಸುರಂಗಗಳಲ್ಲಿ ಟ್ರೇಲರ್‌ನ ಪ್ರೊಪೇನ್ ಸಿಲಿಂಡರ್‌ಗಳಿಗೆ ಪ್ರವೇಶ ಇಲ್ಲ. ಮೊದಲು ಕೀ ಸೇತುವೆ ಮೇಲೆ ಹೋಗುತ್ತಿದ್ದರು. 2024ರ ಮಾರ್ಚಿನಲ್ಲಿ ಅದು ಕುಸಿದ ಮೇಲೆ ಐ-695ರ ಪಶ್ಚಿಮದ ಕಡೆಯಿಂದ ಸುತ್ತಿಕೊಂಡು ಹೋಗಬೇಕು. ಗ್ಲೇಸಿಯರ್‌ನ ಗೋಯಿಂಗ್ ಟು ದಿ ಸನ್ ರಸ್ತೆಯ ನಡುಭಾಗದಲ್ಲಿ 21 ಅಡಿಗಿಂತ ಉದ್ದದ ವಾಹನ ಹೋಗುವಂತಿಲ್ಲ. ಟ್ರೇಲರನ್ನು ಕ್ಯಾಂಪಿನಲ್ಲೇ ಬಿಟ್ಟು ಹೋಗಿ.

ಅಡುಗೆಮನೆ, ಕರೆಂಟು, ಗ್ಯಾಸ್

ನಮ್ಮಂಥವರು ಟ್ರೇಲರ್ ಕೊಳ್ಳುವುದಕ್ಕೆ ಅರ್ಧ ಕಾರಣವೇ ಅಡುಗೆ. ಯೆಲ್ಲೋಸ್ಟೋನ್‌ನಲ್ಲಿ ನಾಲ್ಕು ದಿನ ಬರೀ ಫ್ರೆಂಚ್ ಫ್ರೈ, ಸಲಾಡ್ ತಿಂದುಕೊಂಡು ಅಪ್ಪ ಅಮ್ಮನ ಕೈಲಿ ಇರಲು ಆಗುವುದಿಲ್ಲ. ಆದರೆ ಇಲ್ಲಿನ ಟ್ರೇಲರ್ ಮಾಡಿದವರು ಒಗ್ಗರಣೆಯನ್ನು ಯೋಚಿಸಿ ಮಾಡಿಲ್ಲ.

ಕುಕ್ಕರ್ ತಪ್ಪದೆ ಇಟ್ಟುಕೊಳ್ಳಿ. ಯೆಲ್ಲೋಸ್ಟೋನ್ ಸರೋವರ 7,700 ಅಡಿ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ತುಂಬಾ ಹೊತ್ತು ಹಿಡಿಯುತ್ತದೆ. ಕುಕ್ಕರಿನಲ್ಲಿ ಎರಡು ಸೀಟಿ ಜಾಸ್ತಿ ಕೂಗಿಸಿದರೆ ಆಯಿತು. ಬೆಳಗಿನ ನಿಶ್ಶಬ್ದದ ಸಮಯ ಮುಗಿದ ಮೇಲೆ ಕೂಗಿಸಿ, ಪಕ್ಕದವರು ಮಲಗಿರುತ್ತಾರೆ.

ದೋಸೆ ಹಿಟ್ಟು ಬೆಟ್ಟದ ಚಳಿಯಲ್ಲಿ ಹುದುಗುವುದಿಲ್ಲ. ಖಾಲಿ ಐಸ್ ಬಾಕ್ಸಿನಲ್ಲಿ ಹಿಟ್ಟಿನ ಡಬ್ಬಿಯ ಜೊತೆ ಬಿಸಿನೀರಿನ ಬಾಟಲಿ ಇಟ್ಟು ಮುಚ್ಚಿಬಿಡಿ, ಬೆಳಿಗ್ಗೆ ಉಬ್ಬಿರುತ್ತದೆ. ಡಬ್ಬಿಯಲ್ಲಿ ಅರ್ಧ ಜಾಗ ಖಾಲಿ ಬಿಡಿ. ಅಕ್ಕಿ, ಬೇಳೆ, ಉಪ್ಪಿನಕಾಯಿಗೆ ಗಾಜಿನ ಬಾಟಲಿ ಬೇಡ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಅಥವಾ ಸ್ಟೀಲು ಸಾಕು. ಊರಿನಿಂದ ತಂದ 230 ವೋಲ್ಟ್ ಮಿಕ್ಸಿ ಇಲ್ಲಿನ 120 ವೋಲ್ಟ್‌ನಲ್ಲಿ ಸರಿಯಾಗಿ ತಿರುಗುವುದಿಲ್ಲ. ಭಾರತೀಯ ಅಂಗಡಿಗಳಲ್ಲಿ 110 ವೋಲ್ಟಿನ ಮಿಕ್ಸಿಯೇ ಸಿಗುತ್ತದೆ.

ಒಗ್ಗರಣೆ ಹಾಕುವ ಮುಂಚೆ ಚಾವಣಿಯ ಫ್ಯಾನ್ ಹಾಕಿ, ಎದುರಿನ ಕಿಟಕಿ ತೆಗೆಯಿರಿ. ಹೊಗೆಗೆ ಅಲಾರಂ ಕೂಗುತ್ತದೆ ಎಂದು ಅದರ ಬ್ಯಾಟರಿ ಕಿತ್ತಿಡುವವರನ್ನು ನೋಡಿದ್ದೇನೆ. ಖಂಡಿತ ಮಾಡಬೇಡಿ. ಇಷ್ಟು ಸಣ್ಣ ಜಾಗದಲ್ಲಿ ಬೆಂಕಿ ಹತ್ತಿದರೆ ಹೊರಬರಲು ಸಿಗುವ ಸಮಯ ತುಂಬಾ ಕಡಿಮೆ. ನಾವು ಒಗ್ಗರಣೆ, ಹುರಿಯುವುದು ಎಲ್ಲ ಹೊರಗೆ ಸಣ್ಣ ಒಲೆಯ ಮೇಲೆ ಮಾಡುತ್ತೇವೆ. ಇಂಗಿನ ವಾಸನೆ ಸೀಟಿನ ದಿಂಬಿಗೆ ಹಿಡಿಯುವುದೂ ತಪ್ಪುತ್ತದೆ. ಕರಡಿಗಳಿರುವ ಕಡೆ ಮಾತ್ರ ಅಡುಗೆ ಮುಗಿದ ಕೂಡಲೇ ಒಲೆ, ಪಾತ್ರೆ, ತುಪ್ಪದ ಡಬ್ಬಿ ಎಲ್ಲ ಒಳಗೆ ಹೋಗಬೇಕು.

ಟ್ರೇಲರ್‌ನ ಗ್ಯಾಸ್ ಪ್ರೊಪೇನ್. ನಮ್ಮೂರಿನ ಸಿಲಿಂಡರ್‌ನಲ್ಲಿ ಪ್ರೊಪೇನ್-ಬ್ಯೂಟೇನ್ ಎರಡೂ ಬೆರೆತಿರುತ್ತದೆ. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ, ಅದಕ್ಕೇ ಇಲ್ಲಿನ ಚಳಿಗೆ ಅದು. 30 ಪೌಂಡಿನ ಸಿಲಿಂಡರ್ ಅಂದರೆ 13.6 ಕೆ.ಜಿ., ಹೆಚ್ಚುಕಡಿಮೆ ನಮ್ಮ ಮನೆಯ 14.2 ಕೆ.ಜಿ. ಸಿಲಿಂಡರಿನಷ್ಟೇ. ಸೋರಿಕೆ ನೋಡುವುದೂ ಮನೆಯಲ್ಲಿ ಮಾಡಿದ ಹಾಗೇ, ಸೋಪಿನ ನೀರು ಹಚ್ಚಿ. ಪ್ರೊಪೇನ್ ಗಾಳಿಗಿಂತ ಭಾರ, ಕೆಳಗೆ ಕೂರುತ್ತದೆ. ಆದ್ದರಿಂದಲೇ ಗ್ಯಾಸ್ ಡಿಟೆಕ್ಟರ್ ನೆಲದ ಹತ್ತಿರ ಇರುತ್ತದೆ, ಅದರ ಮುಂದೆ ಚಪ್ಪಲಿ ಚೀಲ ಇಡಬೇಡಿ. ಈ ಡಿಟೆಕ್ಟರ್‌ಗಳಿಗೂ ಆಯಸ್ಸು ಇದೆ. ಹಿಂಭಾಗದಲ್ಲಿ ತಾರೀಖು ನೋಡಿ.

ಕರೆಂಟಿನ ಲೆಕ್ಕ ಸುಲಭ. 30 ಆಂಪ್ ಟ್ರೇಲರ್‌ಗೆ ಸಿಗುವುದು 120 ವೋಲ್ಟಿನಲ್ಲಿ 3,600 ವ್ಯಾಟ್. ಎ.ಸಿ. ಸುಮಾರು 1,500. ಇಂಡಕ್ಷನ್ ಒಲೆ 1,800. ನೀರು ಕಾಯಿಸುವ ಕಾಯಿಲ್ 1,440. ಮೂರೂ ಒಟ್ಟಿಗೆ ನಡೆಯುವುದಿಲ್ಲ. ನೀರು ಕಾಯಿಸುವುದನ್ನು ಗ್ಯಾಸಿಗೆ ಬದಲಿಸಿ, ಇಂಡಕ್ಷನ್ ಹಚ್ಚಿದಾಗ ಮಿಕ್ಸಿ ಹಾಕಬೇಡಿ. ಕ್ಯಾಂಪ್‌ಗ್ರೌಂಡ್‌ನ ಕರೆಂಟ್ ಕಂಬದಲ್ಲಿ ವೈರಿಂಗ್ ಕೆಟ್ಟಿರಬಹುದು, ವೋಲ್ಟೇಜ್ ಇಳಿದಿರಬಹುದು. ನಡುವೆ ಒಂದು ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಇರಲಿ. ಕಂಬದ ಸ್ವಿಚ್ ಆಫ್ ಮಾಡಿ, ವೈರು ಸಿಕ್ಕಿಸಿ, ಆಮೇಲೆ ಆನ್ ಮಾಡಿ.

ಕಂಬ ಇಲ್ಲದ ಕಡೆ ಬ್ಯಾಟರಿಯೇ ಗತಿ. 100 ಆಂಪ್-ಅವರ್‌ನ ಹಳೆಯ ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬಹುದು. ಚಳಿಯ ರಾತ್ರಿಯಲ್ಲಿ ಹೀಟರಿನ ಫ್ಯಾನೇ 30 ತಿನ್ನುತ್ತದೆ. ಲಿಥಿಯಂ ಬ್ಯಾಟರಿ ಹಾಕಿಸಿದರೆ ಹೆಚ್ಚುಕಡಿಮೆ ಪೂರ್ತಿ ಬಳಸಬಹುದು, ಆದರೆ ಅದನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. 200 ವ್ಯಾಟ್ ಸೋಲಾರ್ ಹಲಗೆ ಬೇಸಿಗೆಯ ಒಳ್ಳೆ ಬಿಸಿಲಿನಲ್ಲಿ ದಿನಕ್ಕೆ 60 ಆಂಪ್-ಅವರ್ ಹತ್ತಿರ ಕೊಡುತ್ತದೆ. ಆರಿಜೋನಾದ ಕ್ವಾರ್ಟ್ಸ್‌ಸೈಟ್ ಸುತ್ತ ಸರ್ಕಾರಿ ಬಯಲಿನಲ್ಲಿ ನಾವು ಅಷ್ಟರಲ್ಲೇ ಒಂದು ವಾರ ಕಳೆದಿದ್ದೇವೆ. ಅಂಥ ಬಿ.ಎಲ್.ಎಂ. (ಸರ್ಕಾರಿ ಭೂಮಿ ನೋಡಿಕೊಳ್ಳುವ ಇಲಾಖೆ) ಜಾಗಗಳಲ್ಲಿ ಸಾಮಾನ್ಯವಾಗಿ 14 ದಿನ ಬಿಟ್ಟಿ ಉಳಿಯಬಹುದು.

ನೀರು: ಬರುವುದು, ಹೋಗುವುದು

ಕ್ಯಾಂಪಿನ ನಲ್ಲಿಗೆ ಮೊದಲು ಒತ್ತಡ ಇಳಿಸುವ ರೆಗ್ಯುಲೇಟರ್ ಹಾಕಿ, 45-50 ಪಿ.ಎಸ್.ಐ.ಗೆ. ಆಮೇಲೆ ಫಿಲ್ಟರ್, ಆಮೇಲೆ ಕುಡಿಯುವ ನೀರಿನ ಬಿಳಿ ಪೈಪು. ಕೆಲವು ಕಡೆ ನಲ್ಲಿಯಲ್ಲಿ ನೀರು ಎಷ್ಟು ಜೋರಾಗಿ ಬರುತ್ತದೆ ಎಂದರೆ ಒಳಗಿನ ಪೈಪಿನ ಕೀಲು ಬಿಟ್ಟುಕೊಳ್ಳುತ್ತದೆ.

ಹೋಗುವ ನೀರಿಗೆ ಎರಡು ಟ್ಯಾಂಕ್. ಬಚ್ಚಲು, ಸಿಂಕಿನದು ಗ್ರೇ ಟ್ಯಾಂಕ್. ಶೌಚದ್ದು ಬ್ಲ್ಯಾಕ್ ಟ್ಯಾಂಕ್. ಬ್ಲ್ಯಾಕ್ ಟ್ಯಾಂಕಿನ ಕವಾಟವನ್ನು ಎಂದೂ ತೆರೆದಿಡಬೇಡಿ. ನೀರು ಹರಿದುಹೋಗಿ ಉಳಿದದ್ದು ಒಳಗೇ ಗುಡ್ಡೆಯಾಗಿ ಒಣಗುತ್ತದೆ, ಆಮೇಲೆ ಬಿಡಿಸಲು ಆಗುವುದಿಲ್ಲ. ಮುಕ್ಕಾಲು ತುಂಬಿದ ಮೇಲೆ, ಕೊಳಚೆ ಖಾಲಿ ಮಾಡುವ ಡಂಪ್ ಸ್ಟೇಷನ್‌ಗೆ ಹೋಗಿ. ಕೈಗೆ ಗ್ಲೌಸ್ ಹಾಕಿ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಖಾಲಿ ಮಾಡಿದ ಮೇಲೆ ಬ್ಲ್ಯಾಕ್ ಟ್ಯಾಂಕಿಗೆ ನಾಲ್ಕೈದು ಗ್ಯಾಲನ್ ನೀರು ಬಿಡಿ. ನೀರು ಬಳಸುವ ಅಭ್ಯಾಸ ಇರುವ ನಮಗೆ ಇದರಲ್ಲಿ ಅನುಕೂಲವೇ ಜಾಸ್ತಿ, ಟ್ಯಾಂಕು ಒಣಗುವುದಿಲ್ಲ. ಬೇಗ ತುಂಬುತ್ತದೆ, ಅಷ್ಟೇ.

ಸಿಂಕಿಗೆ ಜಾಲರಿ ಹಾಕಿ. ಸಾಸಿವೆ, ಕರಿಬೇವು, ಅನ್ನದ ಅಗುಳು ಗ್ರೇ ಟ್ಯಾಂಕಿಗೆ ಹೋದರೆ ಎರಡೇ ದಿನಕ್ಕೆ ಗಬ್ಬು ವಾಸನೆ. ಎಣ್ಣೆ ಪಾತ್ರೆಯನ್ನು ಪೇಪರಿನಿಂದ ಒರೆಸಿ ಆಮೇಲೆ ತೊಳೆಯಿರಿ.

ಚಾವಣಿ

ಟ್ರೇಲರ್ ಚಾವಣಿ ಒಂದೇ ಹಾಳೆ. ಆದರೆ ಅದರಲ್ಲಿ ಹತ್ತಾರು ತೂತು ಇದೆ: ಫ್ಯಾನು, ಎ.ಸಿ., ಆಂಟೆನಾ, ಪೈಪು. ಪ್ರತಿಯೊಂದರ ಸುತ್ತ ಮೇಣದಂಥ ಸೀಲೆಂಟ್ ಬಳಿದಿರುತ್ತಾರೆ. ಬಿಸಿಲು, ಚಳಿ, ರಸ್ತೆಯ ಕುಲುಕಾಟಕ್ಕೆ ಅದು ಬಿರಿಯುತ್ತದೆ. ನಮ್ಮದರಲ್ಲಿ ಆಂಟೆನಾ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಮಗಳು ಮಲಗುವ ಮಂಚದ ಮೇಲೆ ಚಹಾ ಚೆಲ್ಲಿದ ಹಾಗೆ ಕಲೆ ಕಂಡಾಗಲೇ ಗೊತ್ತಾಗಿದ್ದು. ಅಷ್ಟರಲ್ಲಿ ಎರಡು ಅಡಿ ಪ್ಲೈವುಡ್ ಮೆತ್ತಗಾಗಿತ್ತು. ತುಂಬಾ ಸಂಕಟ ಆಯಿತು. ಅರ್ಧ ಗಂಟೆ ಮೇಲೆ ಹತ್ತಿ ನೋಡಿದ್ದರೆ ಒಂದು ಟ್ಯೂಬಿನಲ್ಲಿ ಮುಗಿಯುತ್ತಿತ್ತು.

ಈಗ ಏಪ್ರಿಲ್, ಜುಲೈ, ಅಕ್ಟೋಬರ್ ಮೂರು ಸಲ ಹತ್ತುತ್ತೇನೆ. ಆಲಿಕಲ್ಲು ಬಿದ್ದರೆ ಮಾರನೇ ದಿನವೇ. ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಿ. ಬಿರಿದ ಕಡೆ ಚಾವಣಿಯ ಜಾತಿಗೆ ತಕ್ಕ ಸೆಲ್ಫ್ ಲೆವೆಲಿಂಗ್ ಸೀಲೆಂಟ್ ಹಾಕಿ. ಡೈಕಾರ್ ಎನ್ನುವುದು ಎಲ್ಲ ಕಡೆ ಸಿಗುತ್ತದೆ. ಬಚ್ಚಲಿಗೆ ಹಾಕುವ ಸಾಮಾನ್ಯ ಸಿಲಿಕೋನ್ ಬೇಡ. ಅದರ ಮೇಲೆ ಮುಂದೆ ಬೇರೆ ಯಾವುದೂ ಅಂಟುವುದಿಲ್ಲ.

ಚಳಿಗಾಲಕ್ಕೆ ಮಲಗಿಸುವುದು, ವಸಂತದಲ್ಲಿ ಎಬ್ಬಿಸುವುದು

ನಮ್ಮಲ್ಲಿ ಅಕ್ಟೋಬರ್ ಮೊದಲ ವಾರಗಳಲ್ಲೇ ನೀರು ಹೆಪ್ಪುಗಟ್ಟುತ್ತದೆ. ಒಂದೇ ರಾತ್ರಿ ಸಾಕು, ಪೈಪು ಒಡೆಯಲು. ಮೊದಲು ಎಲ್ಲ ಟ್ಯಾಂಕ್ ಖಾಲಿ ಮಾಡಿ. ನೀರು ಕಾಯಿಸುವ ಬಾಯ್ಲರ್ ಆಫ್ ಮಾಡಿ, ತಣ್ಣಗಾದ ಮೇಲೆ ಬಿರಡೆ ತೆಗೆದು ಖಾಲಿ ಮಾಡಿ, ಬೈಪಾಸ್ ಕವಾಟ ತಿರುಗಿಸಿ. ಬೈಪಾಸ್ ಮರೆತರೆ ಆರು ಗ್ಯಾಲನ್ ಆಂಟಿಫ್ರೀಜ್ (ಚಳಿಯಲ್ಲಿ ಹೆಪ್ಪುಗಟ್ಟದ ದ್ರವ) ಸುಮ್ನೆ ಬಾಯ್ಲರಿಗೆ ಹೋಗುತ್ತದೆ. ಬಿರಡೆಯ ಜೊತೆ ಉದ್ದನೆಯ ಲೋಹದ ಕಡ್ಡಿ ಬಂದರೆ ಅದು ಆನೋಡ್. ಟ್ಯಾಂಕಿನ ಬದಲು ತಾನು ತುಕ್ಕು ತಿನ್ನುವುದೇ ಅದರ ಕೆಲಸ. ಮುಕ್ಕಾಲು ಸವೆದಿದ್ದರೆ ಹೊಸದು ಹಾಕಿ.

ಆಮೇಲೆ ಪಂಪಿನ ಮೂಲಕ ಗುಲಾಬಿ ಬಣ್ಣದ ಆರ್‌ವಿ ಆಂಟಿಫ್ರೀಜ್ ಎಳೆಸಿ. ಎರಡು ಮೂರು ಗ್ಯಾಲನ್ ಬೇಕಾಗುತ್ತದೆ. ಒಂದೊಂದೇ ನಲ್ಲಿ ತೆರೆದು, ತಣ್ಣೀರು ಬಿಸಿನೀರು ಎರಡರಲ್ಲೂ ಗುಲಾಬಿ ಬರುವವರೆಗೆ ಬಿಡಿ. ಶವರ್, ಕಮೋಡ್, ಹೊರಗಿನ ಶವರ್ ಮರೆಯಬೇಡಿ. ಕಾರಿಗೆ ಹಾಕುವ ಆಂಟಿಫ್ರೀಜ್ ವಿಷ, ಅದನ್ನು ಕುಡಿಯುವ ನೀರಿನ ಪೈಪಿಗೆ ಎಂದೂ ಹಾಕಬಾರದು. ಇಲಿ ಬರದಂತೆ ನೆಲದಲ್ಲಿ ಪೈಪು ಇಳಿಯುವ ತೂತುಗಳಿಗೆ ಸ್ಟೀಲ್ ವುಲ್ ತುರುಕಿ. ಒಂದು ಅಕ್ಕಿ ಕಾಳೂ ಒಳಗೆ ಉಳಿಯಬಾರದು.

ವಸಂತದಲ್ಲಿ ಪೈಪು ತೊಳೆದು, ನೀರಿನ ಟ್ಯಾಂಕಿಗೆ ಪ್ರತಿ 15 ಗ್ಯಾಲನ್‌ಗೆ ಕಾಲು ಕಪ್ ವಾಸನೆ ಬೆರೆಸದ ಬ್ಲೀಚ್ ಹಾಕಿ ತುಂಬಿಸಿ. ಎಲ್ಲ ನಲ್ಲಿಯಲ್ಲೂ ಬ್ಲೀಚ್ ವಾಸನೆ ಬರುವವರೆಗೆ ಬಿಟ್ಟು, ರಾತ್ರಿಯಿಡೀ ಹಾಗೇ ಇರಲಿ. ಬೆಳಿಗ್ಗೆ ಖಾಲಿ ಮಾಡಿ, ವಾಸನೆ ಹೋಗುವವರೆಗೆ ಎರಡು ಮೂರು ಸಲ ಹೊಸ ನೀರು ತುಂಬಿ ಬಿಡಿ. ಬೈಪಾಸ್ ಮೊದಲಿನ ಹಾಗೆ ತಿರುಗಿಸಿ. ಬಾಯ್ಲರ್ ತುಂಬಿ, ಬಿಸಿನೀರಿನ ನಲ್ಲಿಯಲ್ಲಿ ನೀರು ಬಂದ ಮೇಲೆಯೇ ಅದನ್ನು ಹಚ್ಚಿ. ಖಾಲಿ ಬಾಯ್ಲರ್ ಹಚ್ಚಿದರೆ ಕಾಯಿಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಹೊಸದಾಗಿ ಕೊಂಡವರು ಮೊದಲ ಪ್ರವಾಸಕ್ಕೆ ಮನೆಯಿಂದ 50 ಮೈಲಿ ಒಳಗಿನ ಜಾಗ ಹುಡುಕಿ. ಎರಡು ರಾತ್ರಿ ಉಳಿಯಿರಿ. ಒಂದು ನೋಟ್‌ಬುಕ್ ಇಟ್ಟುಕೊಂಡು, ಏನು ತರಲು ಮರೆತಿರಿ, ಯಾವ ಬಾಗಿಲು ಬಡಿದುಕೊಳ್ಳುತ್ತಿದೆ, ಎಲ್ಲಿ ನೀರು ತೊಟ್ಟಿಕ್ಕುತ್ತಿದೆ ಎಂದು ಬರೆಯುತ್ತಾ ಹೋಗಿ. ನಮ್ಮ ಮೊದಲ ಪಟ್ಟಿಯಲ್ಲಿ 31 ಸಾಲು ಇತ್ತು. ಅದರಲ್ಲಿ ಮೊದಲನೆಯದು ಸೌಟು.